ಕುಳಿಯ ಕೊನೆಯ ಮರ, ಗೋಥೆನ್‌ಬರ್ಗಿನ ಸಸಿಗಳು

ಚಿಲಿಯ ಕರಾವಳಿಯಿಂದ ಸುಮಾರು 3,500 ಕಿಲೋಮೀಟರ್ ದೂರದ ರಾಪಾ ನುಯಿ, ಅಂದರೆ ಈಸ್ಟರ್ ದ್ವೀಪವನ್ನು ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯದ ಟೊರೊಮಿರೊ ಮರದ ಸಂತತಿ ಇಂದಿಗೂ ಉಳಿದಿರುವುದು ಸಸ್ಯೋದ್ಯಾನಗಳ ಆಸರೆಯಿಂದ. ತೊಗರಿ, ಅವರೆಗಳ ಕುಟುಂಬಕ್ಕೆ ಸೇರಿದ, ಹಳದಿ ಹೂ ಬಿಡುವ ಈ ಪುಟ್ಟ ಮರದ ಗಟ್ಟಿ ಚೇಗಿನಲ್ಲಿ ದ್ವೀಪವಾಸಿಗಳು ಪಕ್ಕೆಲುಬುಗಳು ಎದ್ದು ಕಾಣುವ ಮೂರ್ತಿಗಳನ್ನು ಕೆತ್ತುತ್ತಿದ್ದರು.

ಮರಗಡಿತ ಒಂದೆಡೆಯಾದರೆ, 19ನೆಯ ಶತಮಾನದ ಕೊನೆಯ ಹೊತ್ತಿಗೆ ದ್ವೀಪದ ಬಹುಭಾಗ ಕುರಿಗಳ ಹುಲ್ಲುಗಾವಲಾಗಿ, ಮೊಳೆತ ಸಸಿಗಳು ತಲೆಯೆತ್ತುವ ಮುನ್ನವೇ ಮೇವಾಗತೊಡಗಿದವು. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಸ್ಕಾಟ್ಸ್‌ಬರ್ಗ್ 1917ರಲ್ಲಿ ಅಲ್ಲಿಗೆ ಹೋದಾಗ ಕಂಡದ್ದು ರಾನೋ ಕಾವು ಎಂಬ ಆರಿದ ಜ್ವಾಲಾಮುಖಿಯ ಕುಳಿಯೊಳಗೆ, ಕಡಲಗಾಳಿಗೆ ಮರೆಯಾದ ಕಡಿದಾದ ಇಳಿಜಾರಿನಲ್ಲಿ ನಿಂತಿದ್ದ ಒಂದೇ ಮರ. 1955-56ರಲ್ಲಿ ಥಾರ್ ಹೆಯರ್‌ಡಾಲ್ ನೇತೃತ್ವದ ನಾರ್ವೆಯ ಶೋಧತಂಡ ಆ ಮರದ ಬೀಜಗಳನ್ನು ತಂದಿತು. ಅವು ಸೇರಿದ್ದು, ಸ್ಕಾಟ್ಸ್‌ಬರ್ಗ್ ಬಹುಕಾಲ ನಿರ್ದೇಶಕರಾಗಿದ್ದ ಗೋಥೆನ್‌ಬರ್ಗ್ ಸಸ್ಯೋದ್ಯಾನವನ್ನೇ. ಬೀಜಗಳು ಅಲ್ಲಿ ಮೊಳೆತವು, ಆದರೆ ತಾಯಿಮರವನ್ನು 1960ರಲ್ಲಿ ಸೌದೆಗಾಗಿ ಕಡಿಯಲಾಯಿತು. ಸಂಗ್ರಹಕ್ಕೂ ನಾಶಕ್ಕೂ ನಡುವೆ ಇದ್ದದ್ದು ಕೆಲವೇ ವರ್ಷಗಳ ಅಂತರವೆಂಬುದು ಎದೆ ನಡುಗಿಸುವ ಸಂಗತಿ.

ಸಸ್ಯವನ್ನು ಅದರ ನೆಲೆಯಿಂದಾಚೆ ಬೆಳೆಸಿ ಕಾಯುವ ಈ ಕ್ರಮಕ್ಕೆ ಬಾಹ್ಯನೆಲೆ ಸಂರಕ್ಷಣೆ ಎಂದು ಹೆಸರು. ಚಿಲಿಯ ವೀನ್ಯಾ ದೆಲ್ ಮಾರ್‌ನ ರಾಷ್ಟ್ರೀಯ ಸಸ್ಯೋದ್ಯಾನದಲ್ಲೂ ಟೊರೊಮಿರೊ ಉಳಿದುಕೊಂಡಿತಾದರೂ, ಬೆರಳೆಣಿಕೆಯ ಮರಗಳಿಂದ ಬಂದ ಸಂತತಿಯಲ್ಲಿ ವಂಶವಾಹಿ ವೈವಿಧ್ಯ, ಅಂದರೆ ರೋಗ, ಬರಗಳಿಗೆ ಒಗ್ಗಿಕೊಳ್ಳಲು ಬೇಕಾದ ಆನುವಂಶಿಕ ವ್ಯತ್ಯಾಸ, ತೀರಾ ಕಡಿಮೆ. ಅದಕ್ಕಾಗಿಯೇ ಯಾವ ಗಿಡ ಯಾವ ಮರದ ಬೀಜದಿಂದ ಬಂದಿತೆಂಬ ದಾಖಲೆ ಗಿಡದಷ್ಟೇ ಅಮೂಲ್ಯ. ಟೊರೊಮಿರೊ ಎಂಬ ಹೆಸರಿನಲ್ಲಿ ಹಲವೆಡೆ ಬೆಳೆಸಿದ್ದ ಕೆಲವು ಗಿಡಗಳು ಅದು ಸೇರಿರುವ ಸೊಫೋರಾ ಕುಲದ ಬೇರೆ ಪ್ರಭೇದಗಳೋ ಮಿಶ್ರತಳಿಗಳೋ ಆಗಿದ್ದುದರಿಂದ, ಅಸಲಿಯಾದವನ್ನು ಗುರುತಿಸಲು ವಂಶವಾಹಿ ಪರೀಕ್ಷೆಯ ಮೊರೆಹೋಗಬೇಕಾಯಿತು.

ಉದ್ಯಾನಗಳಲ್ಲಿ ಬೆಳೆಸಿದ ಸಸಿಗಳನ್ನು ದ್ವೀಪಕ್ಕೆ ಮರಳಿಸುವ ಯತ್ನಗಳು ಹಲವು ನಡೆದರೂ ನೆಟ್ಟವುಗಳಲ್ಲಿ ಹೆಚ್ಚಿನವು ಬದುಕಲಿಲ್ಲ. ಬೇರುಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಗಳು, ಮರ ಅಳಿದ ಮೇಲೆ ಆ ಸವೆದ ಮಣ್ಣಿನಲ್ಲಿ ಸಾಕಷ್ಟು ಉಳಿದಿರಲಾರವು ಎಂಬ ಶಂಕೆಯಿಂದ, ಸಸಿಗಳಿಗೆ ತಕ್ಕ ಬ್ಯಾಕ್ಟೀರಿಯಗಳನ್ನು ಬೇರಿಗೆ ಉಣಿಸಿ ಬೆಳೆಸುವ ಪ್ರಯೋಗಗಳನ್ನು ಸಂಶೋಧಕರು ಕೈಗೊಂಡಿದ್ದಾರೆ.