ಎರಡು ಬಸ್ಸು ಒಟ್ಟಿಗೇ ಬರುವುದೇಕೆ?

ಬೆಂಗಳೂರಿನ ಔಟರ್ ರಿಂಗ್ ರೋಡಿನ ಸ್ಟಾಪುಗಳಲ್ಲಿ ಸಂಜೆ ಹೊತ್ತು ನಿಂತವರಿಗೆ ಇದು ಹೊಸದಲ್ಲ. ಕಾದು ಕಾದು ಸಾಕಾದ ಮೇಲೆ ಒಂದು 500ಡಿ ರೂಟಿನ ಬಸ್ಸು ಬರುತ್ತದೆ, ಬಾಗಿಲವರೆಗೂ ಜನ. ನೂಕಿಕೊಂಡು ಹತ್ತುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು 500ಡಿ, ಒಳಗೆ ಸೀಟುಗಳು ಖಾಲಿ. ಡಿಪೋದಿಂದಲೇ ಒಟ್ಟಿಗೆ ಬಿಡುತ್ತಾರೆ, ಡ್ರೈವರುಗಳು ಮಾತಾಡಿಕೊಂಡು ಬರುತ್ತಾರೆ ಎಂದು ಕಾಯುವವರು ಗೊಣಗುವುದುಂಟು. ಆದರೆ ಸರಿಯಾಗಿ ಹತ್ತು ನಿಮಿಷಕ್ಕೊಂದರಂತೆ ಹೊರಟ ಬಸ್ಸುಗಳೂ ಯಾರ ತಪ್ಪೂ ಇಲ್ಲದೆ ದಾರಿಯಲ್ಲಿ ಜೋಡಿಯಾಗುತ್ತವೆ. ಗಾರ್ಡನ್ ನ್ಯೂಯೆಲ್ ಮತ್ತು ರೆನ್‌ಫ್ರೀ ಪಾಟ್ಸ್ ಎಂಬ ಸಂಶೋಧಕರು 1964ರಲ್ಲೇ ಇದರ ಗಣಿತವನ್ನು ಬಿಡಿಸಿಟ್ಟರು. ಲೆಕ್ಕ ಕಷ್ಟದ್ದಲ್ಲ, ಕೈಬೆರಳಲ್ಲೇ ಮಾಡಬಹುದು.

ಒಂದು ಸ್ಟಾಪಿಗೆ ನಿಮಿಷಕ್ಕೆ ಇಬ್ಬರಂತೆ ಜನ ಬರುತ್ತಾರೆ ಎನ್ನಿ. ಒಬ್ಬರು ಹತ್ತಲು ಮೂರು ಸೆಕೆಂಡು. ಹತ್ತು ನಿಮಿಷಕ್ಕೆ ಸರಿಯಾಗಿ ಬಂದ ಬಸ್ಸಿಗೆ ಇಪ್ಪತ್ತು ಜನ ಕಾದಿರುತ್ತಾರೆ, ಅದು ಒಂದು ನಿಮಿಷ ನಿಂತು ಹೊರಡುತ್ತದೆ. ಈಗ ಒಂದು ಬಸ್ಸು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಎರಡು ನಿಮಿಷ ತಡವಾಯಿತು. ಅಷ್ಟರಲ್ಲಿ ಇನ್ನೂ ನಾಲ್ವರು ಬಂದು ಸೇರಿರುತ್ತಾರೆ, ಅವರು ಹತ್ತಲು ಇನ್ನೂ 12 ಸೆಕೆಂಡು ಬೇಕು. ಮುಂದಿನ ಸ್ಟಾಪಿಗೆ ಹೋಗುವಾಗ ತಡ ಎರಡು ನಿಮಿಷವಲ್ಲ, ಎರಡು ನಿಮಿಷ 12 ಸೆಕೆಂಡು. ಅಲ್ಲಿ ಇನ್ನಷ್ಟು ಜನ, ಇನ್ನಷ್ಟು ತಡ. ಚಕ್ರಬಡ್ಡಿಯಂತೆ ಇದು ಬೆಳೆದು ಹತ್ತು ಸ್ಟಾಪ್ ದಾಟುವಾಗ ಐದು ನಿಮಿಷ ಮೀರುತ್ತದೆ. ಹಿಂದಿನ ಬಸ್ಸಿನ ಕಥೆ ಇದಕ್ಕೆ ತಿರುಗುಮುರುಗು. ಹತ್ತಬೇಕಾದವರಲ್ಲಿ ಕೆಲವರು ಆಗಲೇ ಮುಂದಿನ ಬಸ್ಸಿನಲ್ಲಿ ಹೋಗಿರುವುದರಿಂದ ಅದು ಪ್ರತಿ ಸ್ಟಾಪಿನಲ್ಲೂ ಬೇಗ ಹೊರಡುತ್ತದೆ. ಮುಂದಿನದು ನಿಧಾನ, ಹಿಂದಿನದು ಚುರುಕು. ಎರಡೂ ಕೂಡಲೇಬೇಕು.

ಇದರ ಹೊರೆ ಬೀಳುವುದು ಕಾಯುವವರ ಮೇಲೆ. ಹತ್ತು ನಿಮಿಷಕ್ಕೊಂದು ಬಸ್ಸು ಇದ್ದರೆ ಸರಾಸರಿ ಕಾಯುವಿಕೆ ಐದು ನಿಮಿಷ. ಅಷ್ಟೇ ಬಸ್ಸುಗಳು 18 ನಿಮಿಷ, 2 ನಿಮಿಷ, ಮತ್ತೆ 18, ಮತ್ತೆ 2 ಹೀಗೆ ಬಂದರೆ? ಗಂಟೆಗೆ ಆರು ಟ್ರಿಪ್ ಎಂಬ ದಾಖಲೆಯಲ್ಲಿ ಸುಳ್ಳಿಲ್ಲ. ಆದರೆ ಸ್ಟಾಪಿಗೆ ಬರುವ ಹತ್ತು ಜನರಲ್ಲಿ ಒಂಬತ್ತು ಮಂದಿ ಆ 18 ನಿಮಿಷದ ಖಾಲಿ ಹೊತ್ತಿನಲ್ಲೇ ಬಂದಿರುತ್ತಾರೆ. ಸರಾಸರಿ ಕಾಯುವಿಕೆ ಎಂಟು ನಿಮಿಷ ದಾಟುತ್ತದೆ. ರಶ್ಶಾದ ಬಸ್ಸು ಸಿಗುವುದೂ ಆ ಒಂಬತ್ತು ಮಂದಿಗೇ. ಜನ ಬೇಸತ್ತು ಕಂತಿನ ಮೇಲೆ ಸ್ಕೂಟರ್ ಕೊಳ್ಳುವುದರ ಹಿಂದೆ ಈ ಅನುಭವವೂ ಇದೆ ಎಂಬುದು ನನ್ನ ಖಚಿತ ನಂಬಿಕೆ. ಆ ಸ್ಕೂಟರುಗಳು ರಸ್ತೆಗಿಳಿದರೆ ಬಸ್ಸು ಇನ್ನೂ ತಡ.

ಮದ್ದು ಎಲ್ಲಿದೆ? ಹೆಚ್ಚು ಬಸ್ಸು ಬೇಕು ಎನ್ನುವುದು ಸರಿಯಾದ ಬೇಡಿಕೆಯೇ, ಆದರೆ ಅದೊಂದರಿಂದ ಈ ರೋಗ ವಾಸಿಯಾಗದು. ಮೇಲಿನ ಲೆಕ್ಕದಲ್ಲಿ ಹತ್ತುವ ಸಮಯವನ್ನು ಮೂರು ಸೆಕೆಂಡಿನಿಂದ ಒಂದಕ್ಕೆ ಇಳಿಸಿ ನೋಡಿ. ಅದೇ ಎರಡು ನಿಮಿಷದ ತಡ ಹತ್ತು ಸ್ಟಾಪ್ ಕಳೆದರೂ ಮೂರು ನಿಮಿಷ ಮುಟ್ಟುವುದಿಲ್ಲ. ಈ ಎರಡು ಸೆಕೆಂಡು ಉಳಿಯುವುದು ಬಾಗಿಲಿನ ಅಗಲದಲ್ಲಿ, ಮೆಟ್ಟಿಲಿನ ಎತ್ತರದಲ್ಲಿ, ಸ್ಟಾಪಿನ ಮುಂದಿನ ಜಾಗದಲ್ಲಿ. ನಮ್ಮಲ್ಲಿ ಆಗುವುದೇನು? ಸ್ಟಾಪಿನ ಎದುರಿಗೇ ಆಟೋಗಳು ನಿಂತಿರುತ್ತವೆ. ಬಸ್ಸು ಫುಟ್‌ಪಾತಿನ ಹತ್ತಿರಕ್ಕೆ ಬರಲಾರದೆ ನಡುರಸ್ತೆಯಲ್ಲಿ ನಿಲ್ಲುತ್ತದೆ. ಮಗುವನ್ನೆತ್ತಿಕೊಂಡ ತಾಯಿ, ಮಂಡಿನೋವಿನ ಅಜ್ಜಿ ರಸ್ತೆಗಿಳಿದು, ಬೈಕುಗಳನ್ನು ತಪ್ಪಿಸಿ, ಎತ್ತರದ ಮೆಟ್ಟಿಲು ಹತ್ತಬೇಕು. ಅಜ್ಜಿಗೆ ಹತ್ತು ಸೆಕೆಂಡು ಹಿಡಿದರೆ ಅದು ಆಕೆಯ ತಪ್ಪಲ್ಲ, ರಸ್ತೆ ಕಟ್ಟಿದವರದು.

2018ರಿಂದ ಹುಬ್ಬಳ್ಳಿ-ಧಾರವಾಡದ ನಡುವೆ ಓಡುತ್ತಿರುವ ಚಿಗರಿ ಬಸ್ಸಿನ ವ್ಯವಸ್ಥೆ ಈ ಗಣಿತವನ್ನು ರಸ್ತೆಯಲ್ಲೇ ಕಟ್ಟಿ ತೋರಿಸಿತು. ಟಿಕೆಟ್ ಸ್ಟೇಷನ್ನಿನಲ್ಲೇ ಮುಗಿಯುತ್ತದೆ, ಪ್ಲಾಟ್‌ಫಾರಂ ಬಸ್ಸಿನ ನೆಲದ ಮಟ್ಟಕ್ಕಿದೆ, ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಪಥವಿದೆ. ಬ್ರೆಜಿಲ್‌ನ ಕುರಿಟೀಬಾ ನಗರ 1970ರ ದಶಕದಿಂದ ಬೆಳೆಸಿದ ಮಾದರಿಯಿದು. ಚಿಗರಿಯಲ್ಲಿ ಕೊರತೆಯೂ ಇದೆ. ಸ್ಟೇಷನ್ ನಡುರಸ್ತೆಯಲ್ಲಿರುವುದರಿಂದ ಪ್ರತಿಯೊಬ್ಬರೂ ವಾಹನಗಳ ಸಾಲನ್ನು ದಾಟಿಯೇ ಬರಬೇಕು. ದಾಟಲು ಸುರಕ್ಷಿತ ದಾರಿ ಇಲ್ಲದಿದ್ದರೆ ಬಸ್ಸು ಎಷ್ಟು ವೇಗವಾಗಿದ್ದರೇನು? ಬೆಂಗಳೂರಿನಲ್ಲೂ 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೆಂದೇ ಒಂದು ಪಥ ಬಿಟ್ಟಿದ್ದರು. ಮೆಟ್ರೋ ಕಾಮಗಾರಿ ಶುರುವಾದಾಗ ಅದು ಹೋಯಿತು. ಅದು ಮರಳಿ ಬರಲೇಬೇಕು.

ಕಾಂಕ್ರೀಟು ಬೇಡದ ಉಪಾಯವೂ ಒಂದಿದೆ. ಜಾನ್ ಬಾರ್ತೋಲ್ಡಿ ಮತ್ತು ಡೊನಾಲ್ಡ್ ಐಸೆನ್‌ಸ್ಟೈನ್ ಅಮೆರಿಕದ ಅಟ್ಲಾಂಟಾದಲ್ಲಿ, ಜಾರ್ಜಿಯಾ ಟೆಕ್ ಕ್ಯಾಂಪಸ್ಸಿನ ಬಸ್ಸುಗಳಲ್ಲಿ ಟೈಂಟೇಬಲ್ಲನ್ನೇ ಬದಿಗಿಟ್ಟು ನೋಡಿದರು. ಕೊನೆಯ ಸ್ಟಾಪ್ ಮುಟ್ಟಿದ ಬಸ್ಸು ಗಡಿಯಾರ ನೋಡುವುದಿಲ್ಲ. ಹಿಂದಿನ ಬಸ್ಸು ಎಷ್ಟು ದೂರವಿದೆ ಎಂಬುದಕ್ಕೆ ತಕ್ಕಷ್ಟು ಹೊತ್ತು ಕಾದು ಹೊರಡುತ್ತದೆ. ಅಂತರ ತಾನೇ ಸಮವಾಗುತ್ತಾ ಬರುತ್ತದೆ. 2012ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಬೇಕಾದ್ದು ಬಸ್ಸು ಎಲ್ಲಿದೆ ಎಂಬ ಮಾಹಿತಿ. ಬೆಂಗಳೂರಿನ ಬಸ್ ಸಂಸ್ಥೆ ಬಿಎಂಟಿಸಿ ಆ ಮಾಹಿತಿಯನ್ನು 2023ರಿಂದ ಮೊಬೈಲ್ ಆ್ಯಪಿನಲ್ಲಿ ನಮಗೇ ತೋರಿಸುತ್ತಿದೆ.

ಲಂಡನ್ನಿನಲ್ಲಿ ಪದೇ ಪದೇ ಓಡುವ ರೂಟುಗಳ ಗುಣಮಟ್ಟವನ್ನು ಅಳೆಯುವುದು ಪ್ರಯಾಣಿಕ ಎಷ್ಟು ಹೆಚ್ಚುವರಿ ನಿಮಿಷ ಕಾದ ಎಂಬುದರಿಂದ. ನಾವು ಮೇಲೆ ಲೆಕ್ಕ ಹಾಕಿದ ಐದಕ್ಕೂ ಎಂಟಕ್ಕೂ ಇರುವ ವ್ಯತ್ಯಾಸವೇ ಅದು. ಬಸ್ಸು ಓಡಿಸುವ ಕಂಪನಿಗಳಿಗೆ ಸಿಗುವ ಹಣಕ್ಕೂ ಅದಕ್ಕೂ ಸಂಬಂಧವಿದೆ. ಬಿಎಂಟಿಸಿಯೂ ಎಷ್ಟು ಟ್ರಿಪ್ ಓಡಿಸಿತು ಎಂಬುದರ ಜೊತೆಗೆ ಪ್ರತಿ ರೂಟಿನ ಈ ಅಂಕಿಯನ್ನು ತಿಂಗಳಿಗೊಮ್ಮೆ ಪ್ರಕಟಿಸಲಿ. ಅದನ್ನು ಕೇಳುವ ಹಕ್ಕು ಸ್ಟಾಪಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಇದೆ. ನೀವೂ ಕೇಳಿ.