12345654321: ಮಹಾವೀರಾಚಾರ್ಯರು ಪೋಣಿಸಿದ ಅಂಕಿಗಳ ಹಾರ

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಮುಂದೆ ಗಣಿತ ಕೈಹಿಡಿಯುವುದೇ ಎಂಬ ಪ್ರಶ್ನೆಯನ್ನು ಶಾಲಾ ದಾಖಲಾತಿಯ ಸಮಯದಲ್ಲಿ ಗಡಿನಾಡಿನ ಪೋಷಕರು ನಮ್ಮ ಮುಂದಿಡುತ್ತಾರೆ. ಅದಕ್ಕೆ ಭಾಷಣದ ಬದಲು ಒಂದು ಸಂಖ್ಯೆಯ ಮೂಲಕ ಉತ್ತರಿಸಲು ಯತ್ನಿಸುತ್ತೇವೆ.

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಅದರಲ್ಲಿ ಕಂಠಾಭರಣಗಳೆಂದು ಬಣ್ಣಿಸಲಾಗಿದೆ. ಅವುಗಳಲ್ಲೊಂದು:

27994681 × 441 = 12345654321

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಅಂಕಿಗಳು ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುತ್ತವೆ.

ಇದು ಆಕಸ್ಮಿಕವಲ್ಲ. 27994681 ಎಂಬುದು 5291ರ ವರ್ಗ. 441 ಎಂಬುದು 21ರ ವರ್ಗ. 5291 × 21 = 111111. ಆದ್ದರಿಂದ ನಮ್ಮ ಸಂಖ್ಯೆ 111111ರ ವರ್ಗ. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಬರುತ್ತವೆ. ಪ್ರತಿ ಸಾಲೂ ಒಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಬಲತುದಿಯ ಕಂಬದಲ್ಲಿ ಒಂದು ‘1’, ಮುಂದಿನದರಲ್ಲಿ ಎರಡು, ನಡುವಿನದರಲ್ಲಿ ಆರು, ಬಳಿಕ ಮತ್ತೆ ಇಳಿಕೆ. ಯಾವ ಮೊತ್ತವೂ 9ನ್ನು ಮೀರದ ಕಾರಣ ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯಬೇಕಿಲ್ಲ. ಒಂಬತ್ತು ‘1’ಗಳವರೆಗೂ ಈ ಹಾರ ಹರಿಯದು. ಹತ್ತು ‘1’ಗಳಾದಾಗ ನಡುವಿನ ಮೊತ್ತ ಹತ್ತಾಗುತ್ತದೆ, ವರ್ಗವು 1234567900987654321 ಆಗಿ ಸಮರೂಪ ಕೆಡುತ್ತದೆ.

ಇನ್ನು ಅಪವರ್ತನ. 111111 = 111 × 1001. ಮೊದಲನೆಯದು 3 × 37. ಎರಡನೆಯದು 7 × 11 × 13. ವರ್ಗದಲ್ಲಿ ಈ ಐದೂ ಅವಿಭಾಜ್ಯಗಳು ಎರಡೆರಡು ಸಲ ಬರುತ್ತವೆ. ಭಾಜಕವೊಂದನ್ನು ಕಟ್ಟುವಾಗ ಪ್ರತಿಯೊಂದನ್ನೂ ಸೊನ್ನೆ, ಒಂದು ಅಥವಾ ಎರಡು ಸಲ ಬಳಸಬಹುದು. ಹೀಗೆ 3 × 3 × 3 × 3 × 3 = 243 ಭಾಜಕಗಳು. ಪೂರ್ಣವರ್ಗಕ್ಕೆ ಭಾಜಕಗಳ ಸಂಖ್ಯೆ ಸದಾ ಬೆಸವೇ. ಏಕೆಂದರೆ ಭಾಜಕಗಳು ಜೋಡಿಯಾಗಿ ಬಂದರೂ ವರ್ಗಮೂಲ ಮಾತ್ರ ತನಗೆ ತಾನೇ ಜೋಡಿ.

ಈ ಗ್ರಂಥವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ ಬರೆದನು. ಗಣಿತವು ನಮ್ಮ ಭಾಷೆಗಳಿಗೆ ಹೊಸತಲ್ಲ.

ಮೇಲಿನ ವಿವರಣೆಯಲ್ಲಿ ವರ್ಗ, ವರ್ಗಮೂಲ, ಅಪವರ್ತನ, ಅವಿಭಾಜ್ಯ ಎಂಬವೆಲ್ಲ ಮಕ್ಕಳ ಪಠ್ಯಪುಸ್ತಕದ ಪದಗಳೇ. ಕಾಲೇಜಿನಲ್ಲಿ ಇವುಗಳ ಇಂಗ್ಲಿಷ್ ಹೆಸರುಗಳನ್ನು ಕಲಿಯಬೇಕಾಗುತ್ತದೆ, ನಿಜ. ಅದಕ್ಕೆ ಹತ್ತನೆಯ ತರಗತಿಯಲ್ಲೇ ಎರಡು ಕಾಲಮುಗಳ ಪದಪಟ್ಟಿಯೊಂದನ್ನು ಬರೆದಿಡುವುದು ಒಳಿತು. ಹೆಸರು ಬದಲಾದರೂ ತರ್ಕ ಬದಲಾಗದು. ಆ ತರ್ಕವನ್ನು ಮಗು ತನ್ನ ಭಾಷೆಯಲ್ಲಿ ಒಮ್ಮೆ ಗಟ್ಟಿಯಾಗಿ ಹಿಡಿದಿರಬೇಕು.

ಇಂದು ಸಂಜೆ ಮಕ್ಕಳೊಂದಿಗೆ ಕುಳಿತು 1111ರ ವರ್ಗವನ್ನು ಸಾಲುಸಾಲಾಗಿ ಬರೆದು ನೋಡಿ. ಅದಕ್ಕೆ ಎಷ್ಟು ಭಾಜಕಗಳೆಂದು ಅವರನ್ನೇ ಕೇಳಿ. 1111 = 11 × 101 ಎಂಬ ಸುಳಿವು ಸಾಕು.