ಲಕ್ವ ಹೊಡೆದಾಗ ಪಾರಿವಾಳ ಸಿಗುತ್ತೆ, ಸಿಟಿ ಸ್ಕ್ಯಾನ್ ಸಿಗುತ್ತಾ?

ಎದೆನೋವು ಅಂದ್ರೆ ಊರೇ ಎದ್ದು ಗಾಡಿ ಹುಡುಕುತ್ತೆ. ಬಾಯಿ ಸೊಟ್ಟಗಾಗಿದೆ, ಒಂದು ಕೈ ಎತ್ತೋಕಾಗ್ತಿಲ್ಲ ಅಂದ್ರೆ ಪಾರಿವಾಳ ಹುಡುಕುತ್ತೆ. ಅದನ್ನು ಕೊಯ್ದು ಬಿಸಿ ರಕ್ತವನ್ನು ಸ್ವಾಧೀನ ತಪ್ಪಿದ ಕೈಕಾಲಿಗೆ ಹಚ್ಚಿದರೆ ಲಕ್ವ ಹೋಗುತ್ತೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಜೊತೆಗೆ ನಾಟಿ ಔಷಧಿ, ಎಣ್ಣೆ, ಹರಕೆ.

ಮೂಢನಂಬಿಕೆ ಅಂತ ಬೈದು ಪೋಸ್ಟ್ ಹಾಕೋದು ಸುಲಭ. ನನಗೆ ಕುತೂಹಲ ಇರೋದು ಇದು ಇಷ್ಟು ಕಾಲ ಉಳಿದದ್ದು ಹೇಗೆ ಅನ್ನೋದರಲ್ಲಿ. ಕಾರಣ ಸರಳ: ಎಷ್ಟೋ ಜನಕ್ಕೆ ನಿಜಕ್ಕೂ ವಾಸಿಯಾಗುತ್ತೆ. ಮುಖದ ನರಕ್ಕೆ ತೊಂದರೆಯಾಗಿ ಬಾಯಿ ಸೊಟ್ಟಗಾಗುವ 'ಬೆಲ್ಸ್ ಪಾಲ್ಸಿ' ಸ್ಟ್ರೋಕೇ ಅಲ್ಲ. ಬಹುಪಾಲು ಜನರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗೇ ಸರಿಹೋಗುತ್ತೆ. 'ಮಿನಿ ಸ್ಟ್ರೋಕ್' ಆದವರ ಕೈ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಆಡುತ್ತೆ (ದೊಡ್ಡದು ಬರಬಹುದು ಅನ್ನೋ ಎಚ್ಚರಿಕೆ ಅದು). ನಿಜವಾದ ಸ್ಟ್ರೋಕ್ ಆದ ಅನೇಕರಲ್ಲೂ ಮೊದಲ ಕೆಲವು ತಿಂಗಳು ಮೆದುಳು ತಾನೇ ಒಂದಷ್ಟು ಚೇತರಿಸಿಕೊಳ್ಳುತ್ತೆ. ಕ್ರೆಡಿಟ್ ಮಾತ್ರ ಪಾರಿವಾಳಕ್ಕೆ. ವಾಸಿಯಾಗದೆ ಹಾಸಿಗೆ ಹಿಡಿದವರ ಕತೆ ಊರಲ್ಲಿ ಓಡಾಡಲ್ಲ.

ಹೆಸರೂ ದಾರಿ ತಪ್ಪಿಸುತ್ತೆ. ಪಾರ್ಶ್ವ'ವಾಯು' ಅಂದಾಗ ಗಾಳಿ ಬಡಿದ ಹಾಗೆ ಕೇಳಿಸುತ್ತೆ, ಕಣ್ಣಿಗೆ ಕಾಣೋದು ಕೈಕಾಲು. ಕೆಟ್ಟಿರೋದು ತಲೆಯೊಳಗೆ. ಹೆಚ್ಚಿನವರಲ್ಲಿ ಮೆದುಳಿನ ರಕ್ತನಾಳಕ್ಕೆ ಹೆಪ್ಪು ಅಡ್ಡವಾಗಿರುತ್ತೆ, ಉಳಿದವರಲ್ಲಿ ನಾಳ ಒಡೆದಿರುತ್ತೆ. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಬೀಳಬೇಕು. ಎಣ್ಣೆ ತಿಕ್ಕಿ ಬೆಳಗಾಗಲಿ ಅಂತ ಕೂತರೆ ಆ ಗಂಟೆಗಳು ಮುಗಿದಿರುತ್ತವೆ.

ಆದರೆ ಜನ ಹೊರಟರೂ ಎಲ್ಲಿಗೆ ಹೋಗಬೇಕು? ಹೃದಯಾಘಾತಕ್ಕೆ ಪುನೀತ್ ರಾಜ್‌ಕುಮಾರ್ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ಸ್ಟ್ರೋಕಿಗೆ ಹಾಗೆ ಕೊಡೋಕಾಗಲ್ಲ. ನಾಳ ಒಡೆದಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯುತ್ತೆ. ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು. ಆ ಯಂತ್ರ ಹೆಚ್ಚಾಗಿ ಜಿಲ್ಲಾ ಕೇಂದ್ರದಲ್ಲಿ. ರಾತ್ರಿ ಹೊತ್ತು ಗಡಿ ತಾಲ್ಲೂಕಿನಿಂದ ಅಲ್ಲಿಗೆ ತಲುಪೋದನ್ನ ಲೆಕ್ಕ ಹಾಕಿ ನೋಡಿ. 2022ರಲ್ಲಿ ಸರ್ಕಾರ ನಿಮ್ಹಾನ್ಸ್ ಜೊತೆ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿತು, ಒಳ್ಳೆಯದೇ. ನನ್ನ ತಕರಾರು ಇಷ್ಟು: ಅರಿವಿನ ಪೋಸ್ಟರ್ ಅಂಟಿಸೋರು ಸ್ಕ್ಯಾನರ್ ದೂರದ ಬಗ್ಗೆಯೂ ಮಾತಾಡಬೇಕು. ಹತ್ತಿರ ಇರೋದನ್ನೇ ಜನ ನಂಬೋದು.

ಸದ್ಯಕ್ಕೆ ನಮ್ಮ ಕೈಲಿರೋದು: ನಗೋಕೆ ಹೇಳಿ, ಎರಡೂ ಕೈ ಎತ್ತಿಸಿ, ಒಂದು ವಾಕ್ಯ ಮಾತಾಡಿಸಿ. ಒಂದು ತಪ್ಪಿದರೂ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೇ ಹೋಗಬೇಕು ಅಂತ ಹೇಳಿ. ನೀರು ಕುಡಿಸಬೇಡಿ, ಆಸ್ಪಿರಿನ್ ಕೊಡಬೇಡಿ. ಗಡಿಯಾರ ನೋಡಿಕೊಳ್ಳಿ, ಯಾಕಂದ್ರೆ ಡಾಕ್ಟರ್ ಕೇಳೋ ಮುಖ್ಯ ಪ್ರಶ್ನೆ ಇದು: ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?